ಸವಕಳಿ, ಕೊಚ್ಚಣೆ, ಕೊರೆತ: ಫಲಕಕ್ಕೆ ಯಾವುದನ್ನು ಬರೆಸಲಿ?

ಹೊಸದುರ್ಗದಿಂದ:
ಮಾನ್ಯರೇ, ನಮ್ಮ ಊರಿನ ಗುಡ್ಡದ ಇಳಿಜಾರಿನಲ್ಲಿ ರೈತರೆಲ್ಲ ಸೇರಿ ಬದು ಹಾಕಿ, ಅದರ ಮೇಲೆ ಲಾವಂಚ ನೆಟ್ಟಿದ್ದಾರೆ. ಅಲ್ಲಿ ನಿಲ್ಲಿಸುವ ಫಲಕವನ್ನು ಬರೆಯುವವರು ನಾಡಿದ್ದು ಬೆಳಿಗ್ಗೆ ಬರುತ್ತಾರೆ. ನನಗೆ ಕೊಟ್ಟಿರುವ ಇಂಗ್ಲಿಷ್ ಒಕ್ಕಣೆಯಲ್ಲಿರುವ ‘ಸಾಯಿಲ್ ಎರೋಷನ್’ ಎಂಬುದಕ್ಕೆ ಸವಕಳಿ, ಸವೆತ, ಕೊಚ್ಚಣೆ, ಕೊರೆತ ಎಂಬ ನಾಲ್ಕೂ ಬಳಕೆಯಲ್ಲಿವೆ. ‘ಕಾಂಟೂರ್ ಬಂಡ್’ ಎಂಬುದಕ್ಕೆ ‘ಸಮಪಾತಳಿ ಬದು’ ಎಂದು ಬರೆದು ಊರಿನಲ್ಲಿ ಓದಿ ಹೇಳಿದರೆ ಯಾರಿಗೂ ತಿಳಿಯಲಿಲ್ಲ. ದಯವಿಟ್ಟು ಬೇಗ ತಿಳಿಸಿ.

ದಾವಣಗೆರೆಯಿಂದ:
ಕೊರೆತವನ್ನು ಮೊದಲು ಕೈಬಿಡಿ. ‘ಕೊರೆ’ ಎಂಬ ಧಾತು ಒಂದು ಕಡೆಯಿಂದ ಒಳಹೊಗುವುದನ್ನು ಹೇಳುತ್ತದೆ. ಕಡಲ್ಕೊರೆತಕ್ಕೆ ಅದು ಸರಿ, ಹಳ್ಳದ ದಂಡೆಗೂ ಸರಿ, ‘ಕೊರಕಲು’ ಹುಟ್ಟಿದ್ದೂ ಅದರಿಂದಲೇ. ಗುಡ್ಡದ ಮೈಯಲ್ಲಿ ಮೊದಲು ನಡೆಯುವುದೇ ಬೇರೆ. ಬಿರುಮಳೆ ಹೊಯ್ದ ಮರುದಿನ ಬರಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ: ಸಣ್ಣ ಸಣ್ಣ ಕಲ್ಲುಗಳು ಬೆರಳ ಗೆಣ್ಣಿನಷ್ಟು ಎತ್ತರದ ಮಣ್ಣಿನ ಕಂಬಗಳ ಮೇಲೆ ನಿಂತಿರುತ್ತವೆ. ಕಲ್ಲು ಹನಿಯ ಏಟನ್ನು ತಡೆದ ಕಡೆ ಮಣ್ಣು ಉಳಿದು, ಸುತ್ತಲಿನದೆಲ್ಲ ಎದ್ದು ಹೋಗಿರುತ್ತದೆ. ಒಂದು ಗೀರೂ ಕಾಣುವುದಿಲ್ಲ. ಹೀಗೆ ಮೈಯೆಲ್ಲ ತೆಳುವಾಗುವುದಕ್ಕೆ ‘ಸವೆ’ ಎಂಬ ಧಾತುವೇ ತಕ್ಕದ್ದು. ನೇಗಿಲ ಕುಳ ಸವೆಯುವುದೂ ಕಾಲಿನ ಮೆಟ್ಟು ಸವೆಯುವುದೂ ಹೀಗೆಯೇ. ನೀರು ಕೂಡಿ ಹರಿದು ಮಣ್ಣನ್ನು ಹೊತ್ತೊಯ್ದರೆ ಅದು ಕೊಚ್ಚಣೆ. ಅದೇ ಮಣ್ಣು ಕೆಳಗೆ ಹೋಗಿ ನಿಂತರೆ ಹೂಳು. ‘ಹುಗಿ, ಮುಚ್ಚು’ ಎಂಬ ಅರ್ಥದ ಕ್ರಿಯಾಪದವೇ ಅಲ್ಲಿ ನಾಮಪದವಾಗಿದೆ. ನಿಮ್ಮ ಗುಡ್ಡದ ಸವಕಳಿಯೇ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಹೂಳು. ಇಷ್ಟು ಸ್ಪಷ್ಟವಾಗಿ ಬೇರೆ ಬೇರೆ ಇರುವ ಮಾತುಗಳನ್ನು ಒಂದರಲ್ಲಿ ಕಲಸಬೇಡಿ. ಸಮಪಾತಳಿ ಮರಾಠಿಯಿಂದ ಬಂದದ್ದು. ಅದನ್ನು ತೆಗೆದು ‘ಅಡ್ಡಬದು’ ಎಂದು ಬರೆಸಿ.

ಹಿರಿಯೂರಿನಿಂದ:
ಸವಕಳಿಯ ವಿಚಾರ ಒಪ್ಪಿದೆ. ಅಡ್ಡಬದು ತಪ್ಪು. ಬದು ಇಳಿಜಾರಿಗೆ ಅಡ್ಡವಾಗಿದ್ದರೆ ಸಾಲದು, ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ನಡುವೆ ಎಲ್ಲಾದರೂ ಗೇಣು ತಗ್ಗಿದ್ದರೆ ನೀರೆಲ್ಲ ಅಲ್ಲಿಗೇ ಸೇರಿ, ಬದುವನ್ನು ಒಡೆದು ಕೊರಕಲು ಮಾಡುತ್ತದೆ. ನಮ್ಮ ಹೊಲದಲ್ಲಿ ಹಾಗೆ ಒಡೆದ ಬದುವನ್ನು ಎರಡು ಸಲ ಕಟ್ಟಿಸಿದ್ದೇನೆ. ‘ಪಾತಳಿ’ಯಲ್ಲಿರುವುದು ಆ ಮಟ್ಟದ ಅರ್ಥವೇ. ಹೊರಗಿನದೆಂಬ ಕಾರಣಕ್ಕೆ ಅದನ್ನು ತಳ್ಳುವುದಾದರೆ ಅರಬ್ಬಿಯ ರೈತ, ಪಾರಸಿಯ ಜಮೀನು ಎರಡನ್ನೂ ತಳ್ಳಬೇಕಾಗುತ್ತದೆ. ಸಂಸ್ಕೃತದ ಜಲ, ಆನಯನ ಕೂಡಿಸಿ ಮಾಡಿದ ‘ಜಲಾನಯನ’ವನ್ನು (ಮಳೆನೀರು ಹರಿದು ಒಂದೆಡೆ ಸೇರುವ ಪ್ರದೇಶ), ಅಂಥ ಪ್ರದೇಶಗಳ ಮಣ್ಣು, ನೀರು ಉಳಿಸುವ ಸುಜಲ ಯೋಜನೆಯ ಕೆಲಸ ಮೊದಲು ನಡೆದ ಐದು ಜಿಲ್ಲೆಗಳಲ್ಲಿ ಒಂದಾದ ನಮ್ಮ ಚಿತ್ರದುರ್ಗದಲ್ಲಿ ಇಂದು ಹೊಲದಲ್ಲಿ ನಿಂತೇ ಆಡುತ್ತಾರೆ. ಸಮಪಾತಳಿ ಊರಿನವರಿಗೆ ತಿಳಿಯದು ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ‘ಮಟ್ಟದ ಬದು’ ಎಂದರೆ ಅದು ತೀರುತ್ತದೆ.

ದಾವಣಗೆರೆಯಿಂದ:
ಮಟ್ಟದ ಬದು ಆಗಬಹುದು. ಆದರೆ ‘ರೈತ’ ಜನರ ಬಾಯಲ್ಲಿ ನೆಲೆಯಾದ ಮಾತು, ‘ಸಮಪಾತಳಿ’ ಕಡತದಲ್ಲಿಯೇ ಉಳಿದ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೊಸದುರ್ಗದಿಂದ:
ಇಬ್ಬರಿಗೂ ವಂದನೆಗಳು. ದನ ಮೇಯಿಸುವವರು ಓದುವ ಫಲಕವಾದ್ದರಿಂದ ನಾಮಪದವನ್ನು ಬಿಟ್ಟು ಕ್ರಿಯಾಪದವನ್ನೇ ಇಟ್ಟಿದ್ದೇನೆ: “ಮಣ್ಣು ಸವೆಯದಂತೆ, ಕೊಚ್ಚಿಹೋಗದಂತೆ ಹಾಕಿದ ಮಟ್ಟದ ಬದು. ಇದರ ಮೇಲೆ ದನ, ಕುರಿ ಹತ್ತಿಸಬೇಡಿ. ಲಾವಂಚ ಕೀಳಬೇಡಿ.” ಫಲಕದ ಅಗಲ ನಾಲ್ಕೇ ಅಡಿ. ಮೊದಲ ಸಾಲನ್ನು ‘ಸವೆಯದಂತೆ’ ಆದ ಮೇಲೆ ಮುರಿಯಬಹುದೇ ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.