ಡೊಮೈನ್ ಹೆಸರು ಮಾರುವಾಗ ಎಷ್ಟು ಹೇಳಬೇಕು? ಅನುಭವ ಇದ್ದವರು ತಿಳಿಸಿ

ಬದಿಯಡ್ಕದಿಂದ:
ಅಡಿಕೆ ಗಿಡದ ನರ್ಸರಿಗೆ ಬೇಕು ಅಂತ ಕೆಲವು ವರ್ಷದ ಹಿಂದೆ ಒಂದು ಡಾಟ್ ಕಾಮ್ ಹೆಸರು (ವೆಬ್‌ಸೈಟ್ ವಿಳಾಸ) ತೆಗೆದಿಟ್ಟಿದ್ದೆ. ಕಾಸರಗೋಡು, ಅಡಿಕೆ ಎರಡೂ ಅದರಲ್ಲಿವೆ. ನರ್ಸರಿ ಈಗ ಇಲ್ಲ. ಪುತ್ತೂರು ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ‘ಕೊಡ್ತೀರಾ, ಎಷ್ಟು?’ ಅಂತ ಕೇಳಿದ್ದಾರೆ. ಅವರಿಗೂ ಹೊರೆ ಆಗಬಾರದು, ನನಗೂ ನಷ್ಟ ಆಗಬಾರದು. ಎಷ್ಟು ಹೇಳಲಿ?

ಕುಂಬಳೆಯಿಂದ:
ನಾನು ಕೆಲವು ಹೆಸರು ಮಾರಿದ್ದೇನೆ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಮೊತ್ತವನ್ನು ಮೊದಲು ಚೀಟಿಯಲ್ಲಿ ಬರೆದಿಡಿ. ಫೋನ್ ಆಮೇಲೆ. ಇಲ್ಲದಿದ್ದರೆ ಮಾತಿನ ಭರದಲ್ಲಿ ಕೈ ಜಾರುತ್ತದೆ.

ಇಷ್ಟು ವರ್ಷ ಕಟ್ಟಿದ ರಿನ್ಯೂವಲ್ ದುಡ್ಡು ಕೂಡಿಸಿ ಬೆಲೆ ಮಾಡಬೇಡಿ. ಅದು ನಿಮ್ಮ ಖರ್ಚು, ಹೆಸರಿನ ಬೆಲೆ ಅಲ್ಲ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರಿಗೆ ಹೋದ ಸುದ್ದಿಯನ್ನೂ ಬದಿಗಿಡಿ. ಅದು ಎಲ್ಲ ದೇಶದವರಿಗೂ ಬೇಕಾಗುವ ಒಂದೇ ಪದ. ಊರಿನ ಹೆಸರು ಸೇರಿದ್ದಕ್ಕೆ ಗಿರಾಕಿಗಳು ಬೆರಳೆಣಿಕೆಯಷ್ಟು.

ನೇಮ್‌ಬಯೋ ಎಂಬ ವೆಬ್‌ಸೈಟಿನಲ್ಲಿ ನಿಜವಾಗಿ ಮಾರಾಟವಾದ ಹೆಸರುಗಳ ಬೆಲೆ ಸಿಗುತ್ತದೆ. ಊರು, ಬೆಳೆ ಇರುವಂಥವನ್ನು ಹುಡುಕಿ ನೋಡಿ. ಮಾರಾಟಕ್ಕೆ ಇಟ್ಟವರು ಬರೆದ ರೇಟು ನೋಡಿ ಮರುಳಾಗಬೇಡಿ. ಯಾರೂ ಕೊಳ್ಳದೆ ಹಾಗೇ ಬಿದ್ದಿರುವವೇ ಜಾಸ್ತಿ. ಡೊಮೈನ್ ಮಾರುವ ಕಂಪನಿ ಗೋಡ್ಯಾಡಿ ಕೊಡುವ ಉಚಿತ ಬೆಲೆ ಅಂದಾಜು ಒಂದು ಸುಳಿವು ಅಷ್ಟೇ.

ಮಂಜೇಶ್ವರದಿಂದ:
ಸ್ಪೆಲ್ಲಿಂಗ್ ಹೇಗಿದೆ ಅಂತ ನೀವು ಹೇಳಿಲ್ಲ. ಅರ್ಧ ಬೆಲೆ ಅದರಲ್ಲೇ ಇದೆ. ಕಾಸರಗೋಡು ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ‘ಆರ್’ ಆದ ಮೇಲೆ ‘ಎ’ ಹಾಕುವವರಿದ್ದಾರೆ, ಹಾಕದವರೂ ಇದ್ದಾರೆ. ನಾವು ಕನ್ನಡದವರು ಕೊನೆಗೊಂದು ‘ಯು’ ಕೂಡ ಸೇರಿಸುತ್ತೇವೆ. ಇನ್ನು ಅಡಿಕೆ ಎನ್ನುವವರಷ್ಟೇ ಅಡಕೆ ಎನ್ನುವವರೂ ಇದ್ದಾರೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು. ಗೋಣಿಯ ಮೇಲೆ, ಬಿಲ್ಲಿನ ಮೇಲೆ ಅಚ್ಚು ಹಾಕಿಸುವ ವ್ಯಾಪಾರಿಗೆ ಬೇಕಾದದ್ದು ಅದೇ ಅಲ್ವಾ? ನಡುವೆ ಹೈಫನ್ ಇದ್ದರೆ ಇಳಿಸಿಯೇ ಹೇಳಿ.

ಅದೇ ಹೆಸರು ಡಾಟ್ ಇನ್‌ನಲ್ಲಿ ಖಾಲಿ ಇದೆಯಾ ನೋಡಿ. ಇದ್ದರೆ ನೀವು ಬಿಗಿ ಹಿಡಿದಷ್ಟೂ ಅವರು ಆ ಕಡೆ ಹೋಗುತ್ತಾರೆ. ಸ್ಪೆಲ್ಲಿಂಗ್ ಸರಿ ಇದ್ದು, ಡಾಟ್ ಇನ್ ಖಾಲಿ ಇಲ್ಲದಿದ್ದರೆ ನಾನಾದರೆ 30 ಸಾವಿರ ಹೇಳಿ 20ರ ಹತ್ತಿರ ಬಿಡುತ್ತಿದ್ದೆ. ಬೆಲೆ ಹೇಳುವಾಗ ಕಾರಣವನ್ನೂ ಹೇಳಿ. ‘ನೀವೇ ಹೇಳಿ’ ಅಂತ ಎಳೆದಾಡುವುದು ನನಗೆ ಸರಿ ಕಾಣುವುದಿಲ್ಲ.

ಪೆರ್ಲದಿಂದ:
ಅವರ ಅಂಗಡಿಯ ಹೆಸರೂ ಅದೇನಾ? ಹಾಗಿದ್ದರೆ ಟ್ರೇಡ್‌ಮಾರ್ಕ್ ಇದೆಯಾ ವಿಚಾರಿಸಿ. 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟ್ರೇಡ್‌ಮಾರ್ಕಿನ ರಕ್ಷಣೆಯನ್ನು ಡೊಮೈನ್ ಹೆಸರಿಗೂ ಅನ್ವಯಿಸಿತು. ಬೇರೆಯವರ ಬ್ರಾಂಡ್ ಹೆಸರನ್ನು ಅವರಿಗೇ ಮಾರಲೆಂದು ತೆಗೆದಿಟ್ಟರೆ ಹೆಸರೇ ಕೈಬಿಟ್ಟು ಹೋಗಬಹುದು. ನೀವು ತೆಗೆದದ್ದು ನರ್ಸರಿಗೆ. ಹಳೆಯ ಬಿಲ್ಲು, ಬೋರ್ಡಿನ ಫೋಟೊ ಇದ್ದರೆ ಜೋಪಾನ ಮಾಡಿ.

ಕುಂಬಳೆಯಿಂದ:
ಒಂದು ಮಾತು ಬಿಟ್ಟುಹೋಯಿತು. ಮಾರಾಟದ ತಾಣಗಳ ಮೂಲಕ ಕೊಟ್ಟರೆ ಕಮಿಷನ್ ಹೋಗುತ್ತದೆ. ಆ ಚೀಟಿಯ ಮೊತ್ತಕ್ಕೆ ಅದನ್ನೂ ಸೇರಿಸಿಕೊಳ್ಳಿ. ನೇರವಾಗಿ ಕೊಡುವುದಾದರೆ ಎಸ್ಕ್ರೋ (ಹೆಸರು ಕೈಸೇರುವ ತನಕ ದುಡ್ಡು ಹಿಡಿದಿಡುವ ಮಧ್ಯಸ್ಥರು) ಇರಲಿ, ಅದರ ಶುಲ್ಕ ಯಾರದು ಅಂತ ಮೊದಲೇ ಮಾತಾಡಿ. ದುಡ್ಡು ಬಂದಿದೆ ಎಂದು ಎಸ್ಕ್ರೋದವರೇ ಖಚಿತ ಮಾಡುವ ತನಕ ಟ್ರಾನ್ಸ್‌ಫರ್ ಕೋಡ್ (ಹೆಸರನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬೇಕಾದ ಗುಪ್ತ ಸಂಕೇತ) ಯಾರಿಗೂ ಕೊಡಬೇಡಿ.