ಪದಚರ್ಚೆ: ಹವಳದ ತೊಟ್ಟಿಯ ‘ಚಪ್ಪಟೆಹುಳು’, ಒಂದೇ ಹೆಸರು ಸಾಕೆ?

ಪ್ರಶ್ನೆ:
ಉಪ್ಪುನೀರಿನ ಅಕ್ವೇರಿಯಮ್ಮಿನಲ್ಲಿ ಹವಳ ಸಾಕುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಓದುಗರು ಹೊರದೇಶದ ಕನ್ನಡಿಗರು. (ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.) ‘ಫ್ಲ್ಯಾಟ್‌ವರ್ಮ್’ ಎಂಬುದಕ್ಕೆ ಪಠ್ಯಪುಸ್ತಕದ ‘ಚಪ್ಪಟೆಹುಳು’ ಸಾಲುತ್ತದೆಯೇ? ಕರಡಿನಲ್ಲಿ ಕೆಲವೆಡೆ ‘ಜಂತುಹುಳು’ ಎಂದಿದೆ. ‘ಡಿಪ್’ (ಹುಳು ಬಿಡಿಸಲು ಹವಳವನ್ನು ಮದ್ದು ಬೆರೆಸಿದ ನೀರಿನಲ್ಲಿಡುವುದು), ‘ಆಕ್ಟಿವೇಟೆಡ್ ಕಾರ್ಬನ್’ (ತೊಟ್ಟಿಯ ನೀರಿನಿಂದ ವಿಷ ಹೀರುವ ಕರಿ ಹರಳು) ಇವಕ್ಕೂ ತಕ್ಕ ಮಾತು ಬೇಕು.

ಉತ್ತರ 1:
‘ಜಂತುಹುಳು’ವನ್ನು ಮೊದಲು ತೆಗೆಯಿರಿ. ಸಂಸ್ಕೃತದಲ್ಲಿ ಜಂತು ಎಂದರೆ ಬರೀ ಪ್ರಾಣಿ. ಆದರೆ ಕನ್ನಡದ ಕಿವಿಗೆ ಅದು ಹೊಟ್ಟೆಯೊಳಗಿನ ದುಂಡು ಹುಳು. ಹಾಗೆ ಬರೆದರೆ ಓದಿದವರು ಜಂತುಹುಳುವಿನ ಮಾತ್ರೆ ಹುಡುಕಿಕೊಂಡು ಹೋಗುತ್ತಾರೆ. ನಾಯಿಗೆ ಕೊಡುವ ಫೆನ್‌ಬೆಂಡಜೋಲ್ ತೊಟ್ಟಿಗೆ ಬಿದ್ದರೆ ಕ್ಸೀನಿಯಾ, ಕ್ಲೋವ್ ಪಾಲಿಪ್‌ನಂಥ ಮೆದು ಹವಳಗಳು ಸಾಯಬಹುದು. ‘ಲಾಡಿಹುಳು’ ನಿಜಕ್ಕೂ ಚಪ್ಪಟೆಹುಳುಗಳ ಕುಲದ್ದೇ, ಆದರೆ ಆ ಹೆಸರೂ ಹೊಟ್ಟೆಯ ಹುಳುವಿಗೆ ಮೀಸಲಾಗಿದೆ.

‘ಚಪ್ಪಟೆಹುಳು’ ಒಳ್ಳೆಯ ಪದ, ಉಳಿಸಿಕೊಳ್ಳಿ. ಅದೊಂದೇ ಸಾಲದು. ತೊಟ್ಟಿಯಲ್ಲಿ ಕಾಣುವ ಮುಖ್ಯವಾದ ಮೂರೂ ಬೇರೆಬೇರೆ ಹುಳುಗಳು, ಆದ್ದರಿಂದ ಬೇರೆಬೇರೆ ಹೆಸರು ಬೇಕು.

ಮೊದಲನೆಯದು ಕಾನ್ವೊಲ್ಯೂಟ್ರಿಲೋಬಾ, ಹವ್ಯಾಸಿಗಳ ಬಾಯಲ್ಲಿ ರೆಡ್ ಪ್ಲನೇರಿಯಾ. ಕೆಲವೇ ಮಿಲಿಮೀಟರ್ ಉದ್ದ, ತುಕ್ಕಿನ ಬಣ್ಣ, ಬಾಲದ ಕಡೆ ಮೂರು ಕವಲು. ‘ಕವಲುಬಾಲದ ಹುಳು’ ಎನ್ನಬಹುದು. ಆದರೆ ಪ್ಲನೇರಿಯಾ ಎಂಬುದು ಚಪ್ಪಟೆಹುಳುಗಳದೇ ಒಂದು ಬಗೆ, ಇದು ಅದಲ್ಲ. ಇದು ಸೇರಿರುವ ಅಸೀಲಾ ಗುಂಪನ್ನು ಈಗ ಚಪ್ಪಟೆಹುಳುಗಳ ವಂಶದಿಂದಲೇ ಬೇರೆ ಮಾಡಿದ್ದಾರೆ. ಹವಳವನ್ನು ತಿನ್ನುವುದಿಲ್ಲ, ಮುಸುಕಿ ಬೆಳಕು ತಪ್ಪಿಸುತ್ತದೆ. ಅಪಾಯವಿರುವುದು ಅದರ ಸಾವಿನಲ್ಲಿ: ಸಾವಿರಾರು ಹುಳು ಒಟ್ಟಿಗೆ ಸತ್ತರೆ ಮೈಯಿಂದ ಹೊರಬೀಳುವ ವಿಷ ಮೀನುಗಳನ್ನೇ ಕೊಲ್ಲುತ್ತದೆ. ಕೈಪಿಡಿಯ ಕ್ರಮ ಹೀಗಿರಲಿ. ಮದ್ದಿಗೆ ಮುಂಚೆ ಕೆಲವು ದಿನ ಸಣ್ಣ ಕೊಳವೆಯಿಂದ ಹೀರಿ ಹೀರಿ ಹುಳುಗಳ ಸಂಖ್ಯೆ ತಗ್ಗಿಸಬೇಕು. ತೊಟ್ಟಿಯ ಕಾಲು ಭಾಗದಷ್ಟು ಹೊಸ ಉಪ್ಪುನೀರು, ಅದೇ ಉಪ್ಪಿನಂಶ, ಅದೇ ಬಿಸಿಯಲ್ಲಿ ಸಿದ್ಧವಿರಬೇಕು. ಹಳೆಯ ಕಾರ್ಬನ್ ತೆಗೆದು ಯುವಿ (ಅತಿನೇರಳೆ) ದೀಪ ಆರಿಸಿ, ಸ್ಯಾಲಿಫರ್ಟ್ ಕಂಪನಿಯ ಫ್ಲ್ಯಾಟ್‌ವರ್ಮ್ ಎಕ್ಸಿಟ್‌ನಂಥ ಮದ್ದನ್ನು ಅದರ ಶೀಶೆಯ ಮೇಲೆ ಲೀಟರಿಗೆ ಇಷ್ಟೆಂದು ಬರೆದಿರುವಷ್ಟೇ ಹಾಕಬೇಕು. ಲೀಟರಿನ ಲೆಕ್ಕದಲ್ಲಿ ಕಲ್ಲು, ಮರಳು ಹಿಡಿದ ಜಾಗವನ್ನು ಕಳೆಯಲು ಮರೆಯುವುದೇ ಹೆಚ್ಚು. ಹುಳುಗಳು ಕಳಚಿ ತೇಲತೊಡಗಿದ ಕೂಡಲೇ ಹೀರಿ ತೆಗೆಯುತ್ತಿರಬೇಕು. ಮುಕ್ಕಾಲು ಗಂಟೆಯ ಹೊತ್ತಿಗೆ ಹೊಸ ಕಾರ್ಬನ್, ನೀರು ಬದಲಾವಣೆ. ಮೀನು ಮೇಲೆ ಬಂದು ಏದುಸಿರು ಬಿಟ್ಟರೆ ಗಡಿಯಾರ ನೋಡುತ್ತ ಕೂರದೆ ಆಗಲೇ ಮಾಡಬೇಕು.

ಎರಡನೆಯದು ಅಕ್ರೊಪೋರಾ ಎಂಬ ಕವಲೊಡೆಯುವ ಗಟ್ಟಿ ಹವಳದ ಮಾಂಸವನ್ನೇ ತಿನ್ನುವ ಪ್ರೋಸ್ಥಿಯೋಸ್ಟೋಮಮ್ ಅಕ್ರೊಪೋರೇ. ಇದಕ್ಕೆ ‘ಹವಳಗಳ್ಳ’ ನನ್ನ ಸೂಚನೆ, ಏಕೆಂದರೆ ಹವಳದ ಬಣ್ಣವನ್ನೇ ತಾಳಿ ಕಣ್ಣಿಗೆ ಬೀಳದೆ ಕೂರುತ್ತದೆ. ಗುರುತು ಸಿಗುವುದು ಕಚ್ಚಿದ ದುಂಡನೆಯ ಬಿಳಿಚು ಕಲೆಗಳಿಂದ, ಬುಡದ ಬೋಳು ಭಾಗದಲ್ಲಿ ಅಂಟಿಸಿದ ಕಂದು ಮೊಟ್ಟೆಗಳಿಂದ. ಮೂರನೆಯದು ವಾಮಿನೋವಾ, ಹವಳದ ಮೇಲೆ ಕಂದು ಚುಕ್ಕಿಯಂತೆ ಕೂರುತ್ತದೆ; ‘ಚುಕ್ಕಿಹುಳು’ ಸಾಕು.

ಇನ್ನು ‘ಡಿಪ್’. ‘ಅದ್ದು’ ಹೊಂದುವುದಿಲ್ಲ. ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುತ್ತೇವೆ, ಅದ್ದಿದೊಡನೆ ತೆಗೆಯುತ್ತೇವೆ. ಇಲ್ಲಿ ಹತ್ತು ಹದಿನೈದು ನಿಮಿಷದ ಕೆಲಸ. ‘ನೆನೆಸು’ ಎಂದರೆ ಅಕ್ಕಿಯಂತೆ ಸುಮ್ಮನೆ ಬಿಡುವುದು. ಸುಮ್ಮನೆ ಬಿಟ್ಟರೆ ಹುಳು ಕಳಚುವುದಿಲ್ಲ, ರಬ್ಬರ್ ಬುರುಡೆಯ ಪಿಪೆಟ್‌ನಿಂದ ಕೊಂಬೆಕೊಂಬೆಗೂ ನೀರು ಚಿಮ್ಮಿಸುತ್ತಿರಬೇಕು. ಬಟ್ಟೆಗೆ ಹೇಳುವ ‘ಜಾಲಾಡು’ ಈ ಎರಡನ್ನೂ ಹಿಡಿಯುತ್ತದೆ: ‘ಮದ್ದುನೀರಿನಲ್ಲಿ ಜಾಲಾಡಿ’. ಮದ್ದುನೀರು ಮೊಟ್ಟೆಯನ್ನು ಕೊಲ್ಲುವುದಿಲ್ಲವೆಂದು ಅದರ ಪಕ್ಕದಲ್ಲೇ ಬರೆಯಿರಿ. ಮೊಟ್ಟೆಯಿರುವ ಬುಡವನ್ನು ಬ್ಲೇಡಿನಿಂದ ಕೆರೆಯಬೇಕು ಅಥವಾ ಕತ್ತರಿಸಿ ಎಸೆಯಬೇಕು, ಹವಳವನ್ನು ಬೇರೆ ತೊಟ್ಟಿಯಲ್ಲಿಟ್ಟು ವಾರಕ್ಕೊಮ್ಮೆಯಂತೆ ಆರು ವಾರ ಜಾಲಾಡಬೇಕು. ಎರಡು ವಾರಕ್ಕೇ ನಿಲ್ಲಿಸಿದರೆ ತಪ್ಪಿಸಿಕೊಂಡ ಮೊಟ್ಟೆಗಳು ಒಡೆದು ಮತ್ತೆ ಮೊದಲಿನಿಂದ ಶುರು.

ಉತ್ತರ 2:
‘ಹವಳಗಳ್ಳ’ ಒಪ್ಪಿದೆ. ಕಾರ್ಬನ್ನಿಗೆ ಮಾತ್ರ ‘ಇದ್ದಿಲು’ ಎಂದು ಕನ್ನಡಿಸಲು ಹೋಗಬೇಡಿ. ಯಾರಾದರೂ ಒಲೆಯ ಇದ್ದಿಲನ್ನೇ ತುಂಬಿಯಾರು; ಅದು ವಿಷ ಹೀರುವುದು ತೀರ ಕಡಿಮೆ, ಬೂದಿ ಬೇರೆ ನೀರಿಗೆ ಸೇರುತ್ತದೆ. ‘ಸಕ್ರಿಯ ಇಂಗಾಲ’ ಪುಸ್ತಕದಲ್ಲಿದೆ, ಅಂಗಡಿಯಲ್ಲಿ ಕೇಳುವ ಮಾತಲ್ಲ. ‘ಕಾರ್ಬನ್’ ಎಂದೇ ಇರಲಿ, ಜೊತೆಗೆ ‘ಕಪ್ಪುನೀರು ಹೋಗುವ ತನಕ ತೊಳೆದು ಹಾಕಿ’ ಎಂಬ ಸಾಲೊಂದನ್ನು ಸೇರಿಸಿ.