ಪಿಯುಸಿಯಲ್ಲಿ ಹೆದರಿಸಿದ ‘ಎಕ್ಸಾರ್ಸಿಸ್ಟ್’ ಈಗ ಮತ್ತೆ ನೋಡಬಹುದಾ?

ಪ್ರಶ್ನೆ: ಪಿಯುಸಿ ಓದುವಾಗ ಗೆಳೆಯರ ಜೊತೆ ‘ದಿ ಎಕ್ಸಾರ್ಸಿಸ್ಟ್’ ಅನ್ನೋ ದೆವ್ವದ ಸಿನಿಮಾ ನೋಡಿ, ಎಷ್ಟೋ ದಿನ ಲೈಟ್ ಆರಿಸದೆ ಮಲಗಿದ್ದೆ. ಈಗ ಕಾಲೇಜಿಗೆ ಹೋಗುವ ಮಗಳು ‘ಅಪ್ಪಾ, ಒಟ್ಟಿಗೆ ನೋಡೋಣ’ ಅಂತಿದ್ದಾಳೆ. ದೊಡ್ಡವರಾದ ಮೇಲೆ ಮತ್ತೆ ನೋಡಿದವರು ಹೇಳಿ, ಈಗಲೂ ಭಯ ಆಗುತ್ತಾ?

ಶಿವಮೊಗ್ಗದಿಂದ: ಆಗುತ್ತೆ ಸರ್. ಆದರೆ ಆಗ ಹೆದರಿದ ಜಾಗದಲ್ಲಿ ಅಲ್ಲ. ಕುತ್ತಿಗೆ ತಿರುಗೋದು, ಹಸಿರು ವಾಂತಿ ಇವೆಲ್ಲ ಅದೆಷ್ಟು ಸಲ ತಮಾಷೆಯ ಸರಕಾಗಿವೆ ಅಂದರೆ ಮಗಳು ಅಲ್ಲಿ ನಕ್ಕರೂ ನಗಬಹುದು. ನಗಲಿ ಬಿಡಿ. ನನಗೆ ಈ ಸಲ ನೋಡಲಾಗದೆ ಹೋಗಿದ್ದು ಆಸ್ಪತ್ರೆಯ ಸೀನ್. ದೆವ್ವ ಹೊಕ್ಕ ಹುಡುಗಿ ರೀಗನ್‌ಗೆ ಏನಾಗಿದೆ ಅಂತ ಡಾಕ್ಟರುಗಳಿಗೆ ಗೊತ್ತಿಲ್ಲ. ಆ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚುತ್ತಾರೆ, ರಕ್ತ ಚಿಮ್ಮುತ್ತದೆ, ಎಕ್ಸ್‌ರೇ ಯಂತ್ರ ಧಡಧಡ ಅನ್ನುತ್ತದೆ. ದೆವ್ವ ಗಿವ್ವ ಏನೂ ಇಲ್ಲ ಅಲ್ಲಿ. ಹುಡುಗರಾಗಿದ್ದಾಗ ಇದನ್ನೆಲ್ಲ ಓಡಿಸಿ ಮುಂದೆ ಹೋಗಿದ್ದೆವು. ತಾಯಿ ಕ್ರಿಸ್‌ಗೆ ದೇವರಲ್ಲಿ ನಂಬಿಕೆ ಇಲ್ಲ. ಕೊನೆಗೆ ಡಾಕ್ಟರುಗಳೇ ‘ಪಾದ್ರಿಯನ್ನು ಕರೆಸಿ ನೋಡಿ’ ಅಂತಾರೆ! ರಿಪೋರ್ಟ್ ಎಲ್ಲ ಸರಿಯಾಗಿದ್ದು ಮಗು ಮಾತ್ರ ನರಳುತ್ತಿದ್ದರೆ ಹೇಗಿರುತ್ತೆ ಅನ್ನೋದು ಹದಿನೇಳರಲ್ಲಿ ಎಲ್ಲಿ ತಿಳಿಯುತ್ತೆ?

ದೆವ್ವ ಬಿಡಿಸಲು ಬರುವ ಫಾದರ್ ಕ್ಯಾರಸ್ ಕೂಡ ಆಗ ನನ್ನ ತಲೆಗೇ ಹೋಗಿರಲಿಲ್ಲ. ಆತ ಪಾದ್ರಿ, ಜೊತೆಗೆ ಮನೋವೈದ್ಯ. ಆದರೂ ಹೆತ್ತ ತಾಯಿಯನ್ನು ಒಳ್ಳೆಯ ಆಸ್ಪತ್ರೆಗೆ ಸೇರಿಸಲು ಕಾಸಿಲ್ಲ. ಆಕೆ ನ್ಯೂಯಾರ್ಕಿನಲ್ಲಿ ಒಂಟಿಯಾಗಿ ಸಾಯುತ್ತಾಳೆ. ದೆವ್ವ ಆಮೇಲೆ ಅವನನ್ನು ಚುಚ್ಚೋದೂ ಅಲ್ಲೇ. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರು ಸ್ವಲ್ಪ ಗಟ್ಟಿ ಮನಸ್ಸು ಮಾಡಿಕೊಂಡು ನೋಡಿ.

ಬೆಂಗಳೂರಿನಿಂದ: ನೋಡೋದಾದರೆ 1973ರ ಮೂಲ ಚಿತ್ರವನ್ನೇ ನೋಡಿ. 2000ದಲ್ಲಿ ಬಂದ ಆವೃತ್ತಿಯಲ್ಲಿ ಹತ್ತು ನಿಮಿಷ ಜಾಸ್ತಿ ಇದೆ, ಹುಡುಗಿ ಜೇಡದ ಹಾಗೆ ಮೆಟ್ಟಿಲಿಳಿಯೋದು ಅದರಲ್ಲಿ ಸೇರಿದ್ದು. ನನಗೆ ಅದು ಬೇಡವಾಗಿತ್ತು ಅನಿಸಿತು. ಮೊಬೈಲ್‌ನಲ್ಲಿ ಮಾತ್ರ ನೋಡಬೇಡಿ, ಈ ಚಿತ್ರದ ಅರ್ಧ ಭಯ ಶಬ್ದದಲ್ಲಿದೆ. ಆಸ್ಕರ್ ಕೂಡ ಶಬ್ದಕ್ಕೆ ಸಿಕ್ಕಿತ್ತು. ದೆವ್ವದ ದನಿ ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ನಟಿಯದು. ಉಸಿರಾಡುವಾಗ ಬಾಯಿಂದ ಬರುವ ಹಬೆಯೂ ನಿಜದ್ದು. ಆ ಕೋಣೆಯ ಸೆಟ್ಟನ್ನು ಫ್ರಿಜ್ಜಿನ ಹಾಗೆ ಕೊರೆಯುವಂತೆ ಮಾಡಿ ಶೂಟಿಂಗ್ ಮಾಡಿದ್ದರು.

ಹಾಸನದಿಂದ: ನನಗೆ ಭಯವೇ ಆಗಲಿಲ್ಲ. ಇರಾಕ್‌ನಲ್ಲಿ ಶುರುವಾಗುವ ಭಾಗ ಎಳೆದಾಟ ಅನಿಸಿತು, ನನ್ನ ಮಗ ಅಷ್ಟರಲ್ಲೇ ಫೋನ್ ಹಿಡಿದಿದ್ದ. ನನ್ನ ಮಟ್ಟಿಗೆ ಇವತ್ತಿಗೂ ‘ನಾ ನಿನ್ನ ಬಿಡಲಾರೆ’ಯೇ ಜಾಸ್ತಿ ಹೆದರಿಸುತ್ತೆ. ಅನಂತ್ ನಾಗ್ ಮೈಮೇಲೆ ಬಂದಾಗಿನ ಆ ನೋಟ ಇದೆಯಲ್ಲ, ಅದು!

ಮೈಸೂರಿನಿಂದ: ಎಲ್ಲರೂ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಶಿಲುಬೆಯ ಸೀನ್ ಒಂದಿದೆ, ಬೈಗುಳಗಳಂತೂ ಕೇಳಬೇಡಿ. ಅಪ್ಪ ಮಗಳು ಪಕ್ಕಪಕ್ಕ ಕೂತು ನೋಡೋವಂಥದ್ದಲ್ಲ. ಮೊದಲೇ ಒಂದು ಮಾತು ಹೇಳಿಬಿಡಿ, ಇಲ್ಲಾಂದ್ರೆ ಅಷ್ಟೊತ್ತಿಗೆ ಕಾಫಿ ಮಾಡೋಕೆ ಎದ್ದು ಹೋಗಿ.